ಕಾಕಾರ ಡಬ್ಬಿ, ಕಾಕುವಿನ ಥಂಡಿ

ನಮ್ಮ ಹುಬ್ಬಳ್ಳಿ ಮಂದಿಯಷ್ಟು ಮರ್ಯಾದೆಯಿಂದ ಥಂಡಿಯನ್ನು ಬರಮಾಡಿಕೊಳ್ಳುವವರು ಬೇರೆಲ್ಲೂ ಇರಲಿಕ್ಕಿಲ್ಲ. ದೀಪಾವಳಿಯ ಆಕಾಶಬುಟ್ಟಿ ಇನ್ನೂ ತೂಗಾಡುತ್ತಿರುವಾಗಲೇ ಮಫ್ಲರು ಕಪಾಟಿನಿಂದ ಇಳಿದು ಕಿವಿ ಏರಿರುತ್ತದೆ. ಹಿಮ ಬೀಳುವ ದೇಶದವರು ನಮ್ಮ ಥಂಡಿಯನ್ನು ಕಂಡರೆ ಅಂಗಿ ಬಿಚ್ಚಿ ಗಾಳಿ ಹಾಕಿಕೊಂಡಾರು. ಅದು ಅವರ ದುರದೃಷ್ಟ. ಮಂಕಿ ಟೋಪಿಯ ಕಿಂಡಿಯಿಂದ ಬಿಸಿ ಮಿರ್ಚಿಯನ್ನು ಒಳಗೆ ತಳ್ಳಿ, ಕಣ್ಣಲ್ಲಿ ನೀರು ತರಿಸಿಕೊಂಡು, “ಏನ್ ಥಂಡಿಪಾ ಈ ವರ್ಷ!” ಎನ್ನುವ ಸುಖ ಅವರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಹೇಳುವ ನಾನೂ ಮುಂಜಾನೆ ಸ್ನಾನದ ಬಕೆಟ್ಟಿನ ಎದುರು ಬಡ್ಡಿಯವನ ಎದುರು ನಿಂತಂತೆ ನಿಲ್ಲುವವನೇ.

ನನಗೆ ಇನ್ನೊಂದು ರೋಗವೂ ಇದೆ. ಕಂಡಕಂಡವರ ಧ್ವನಿ ತೆಗೆಯುವುದು. ಬಸ್ಸಿನ ಕಂಡಕ್ಟರ್, ಬ್ಯಾಂಕಿನ ಮ್ಯಾನೇಜರ್, ಮದುವೆಯ ಪಂಕ್ತಿಯಲ್ಲಿ “ಇನ್ನೊಂದ ಹೋಳಿಗಿ, ನನ್ನ ಆಣಿ” ಎಂದು ಉಣ್ಣುವವರ ಕೈ ಹಿಡಿಯುವ ಬೀಗರು, ಯಾರನ್ನೂ ಬಿಟ್ಟವನಲ್ಲ. ಯಾರಾದರೂ ತೀರಿಕೊಂಡ ಮನೆಗೆ ನನ್ನನ್ನು ಕರೆದೊಯ್ಯುವುದನ್ನು ಅವ್ವ ಎಂದೋ ನಿಲ್ಲಿಸಿದ್ದಾಳೆ. ಹೋದವರ ಧ್ವನಿಯಲ್ಲಿ ಚಹಾ ಕೇಳಿಬಿಟ್ಟೇನು ಎಂಬ ಭಯ ಅವಳಿಗೆ. ಈ ಎರಡು ರೋಗಗಳು, ಅಂದರೆ ಥಂಡಿ ಮತ್ತು ಧ್ವನಿ, ಒಂದೇ ಕಡೆ ಕೂಡಿದ್ದು ನಮ್ಮ ಕಾಕಾರ ಗಾಡಿಯಲ್ಲಿ.

ಕಾಕಾ ಅಂದರೆ ಅಪ್ಪನ ತಮ್ಮ, ಬೈರಿದೇವರಕೊಪ್ಪದಲ್ಲಿ ಮನೆ, ಅರಳೆಯ ವ್ಯಾಪಾರ. ಮದುವೆಯಾದಾಗಿನಿಂದ ಅವರು ಕಾಕುವನ್ನು ಕರೆದುಕೊಂಡು ಹೋದ ದೂರದ ಊರೆಂದರೆ ಗದಗ, ಅದೂ ಮತ್ತೊಬ್ಬರ ಮದುವೆಗೆ. ಎಲ್ಲಿಗೆ ಹೊರಟರೂ ಅರಳೆಯ ಸೀಜನ್ ಅಡ್ಡ ಬರುತ್ತಿತ್ತು. ಈಗ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಕನ್ಯಾಕುಮಾರಿಯವರೆಗೆ ಹೆಂಡತಿಯನ್ನು ಸುತ್ತಿಸಿಕೊಂಡು ಬರಬೇಕೆಂಬ ಹುಚ್ಚು ಹಿಡಿಯಿತು. ಆದರೆ ಲಾಡ್ಜಿನ ಹಾಸಿಗೆಯಲ್ಲಿ ಮಲಗಲು ಕಾಕು ಒಲ್ಲಳು. ಯಾರ್ಯಾರು ಮಲಗಿ ಎದ್ದಿರುತ್ತಾರೋ ಏನೋ. ಸರಿ, ಮನೆಯನ್ನೇ ಗಾಲಿಯ ಮೇಲೆ ಇಡೋಣ ಎಂದು ಕಾಕಾ ಗಬ್ಬೂರಿನಲ್ಲಿ ಲಾರಿಗೆ ಬಾಡಿ ಕಟ್ಟುವ ಮಿಸ್ತ್ರಿಯ ಹತ್ತಿರ ಹೋದರು. ಜೀಪಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಂಚವೂ ಒಲೆಯೂ ಇರುವ ತಗಡಿನ ಗಾಡಿಯೊಂದು ಸಿದ್ಧವಾಯಿತು. ಕಾಕಾ ಅದನ್ನು ‘ಮನಿಗಾಡಿ’ ಎಂದರು. ಕಾಕು ಒಮ್ಮೆ ಸುತ್ತುಹಾಕಿ ನೋಡಿ ‘ಡಬ್ಬಿ’ ಎಂದಳು. ಊರಿಗೆಲ್ಲ ಅದೇ ಹೆಸರಾಯಿತು.

ಒಳಗೆ ಥಂಡಿ ಬಂದರೆ ಏನು ಮಾಡೋದು ಎಂದು ನಾನು ಮಿಸ್ತ್ರಿಯನ್ನು ಕೇಳಿದ್ದೆ. ಅವನು ಬಹಳ ವಿಚಾರ ಮಾಡಿ ಹೇಳಿದ: “ಲಾರಿಗೆ ಥಂಡಿ ಹತ್ತೂದಿಲ್ಲರೀ. ಅದಕ್ಕ ನಾವು ಇಷ್ಟ ದಿನಾ ಆ ಮಾತ ತಗದಿಲ್ಲ.” ಗೋಡೆಯ ಸಂದಿನಲ್ಲಿ ಅರಳೆ ತುಂಬಬಹುದಲ್ಲ ಎಂದರೆ ಕಾಕಾ ಸಿಡಿಮಿಡಿಗೊಂಡರು. “ಅರಳಿ ಮಾರೂದೈತಿ, ಗ್ವಾಡ್ಯಾಗ ತುಂಬೂದಲ್ಲ!” ಊರಿನ ಗಾದಿಗಳನ್ನೆಲ್ಲ ಬೆಚ್ಚಗಿಟ್ಟ ಮನುಷ್ಯ ತನ್ನ ಗಾಡಿಗೆ ಒಂದು ಹಿಡಿ ಅರಳೆ ಕೊಡಲಿಲ್ಲ.

ಕಾಕು ಒಂದೇ ಒಂದು ಕರಾರು ಹಾಕಿದಳು. “ಮೊದಲ ಇಲ್ಲೇ ಎಲ್ಲೆರೆ ಒಂದ ರಾತ್ರಿ ಮಲಗಿ ನೋಡೋಣು. ನಾ ಒಂದ ಸಲ ಥಂಡಿ ಅಂದ್ನೆಂದ್ರ ಕನ್ಯಾಕುಮಾರಿ ಇಲ್ಲ ಏನಿಲ್ಲ. ಡಬ್ಬಿ ಹಿತ್ತಲದಾಗ ಹೋಗಿ ನಿಲ್ಲತೈತಿ. ಕಟಗಿ ತುಂಬಿಡಾಕ ಬರತೈತಿ.”

ಹೀಗೆ ಜನವರಿಯ ಒಂದು ಸಂಜೆ ಕಾಕಾ, ಕಾಕು, ಜೀಪು ನಡೆಸಲು ನಾನು, ಧಾರವಾಡದಾಚೆ ಕೆರೆಯ ದಂಡೆಗಿದ್ದ ಪರಿಚಯದ ರೈತರ ಹೊಲದಲ್ಲಿ ಇಳಿದೆವು. ಸೂರ್ಯ ಮುಳುಗಿದ್ದೇ ತಡ, ತಗಡು ತನ್ನ ಗುಣ ತೋರಿಸಿತು. ಮಂಚದ ಕಬ್ಬಿಣ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಕಾಕಾ ಮೊಬೈಲಿನಲ್ಲಿ ಪರದೇಶದ ವಿಡಿಯೋ ನೋಡಿ ಜ್ಞಾನಿಯಾಗಿದ್ದರು. “ಗಾಳಿ ಅಡೀಲಿಂದ ಹೊಡೀತೈತಿ. ಗಾಡಿಗೆ ಸುತ್ತ ಲಂಗಾ ಉಡಸಬೇಕು” ಎಂದು ಪಾಠ ಹೇಳಿ, ಹೊಲದ ಬಣವೆಯಿಂದ ಜೋಳದ ಒಣ ದಂಟು, ಅಂದರೆ ಕಣಿಕಿಯ ಸೂಡುಗಳನ್ನು ಹೊತ್ತು ತಂದು ಗಾಲಿಗಳ ಸುತ್ತ ಒಟ್ಟತೊಡಗಿದರು. ಕಾಕು ರೈತರ ಮನೆಯಲ್ಲಿ ರೊಟ್ಟಿ ಬಡಿಯಲು ಹೋಗಿದ್ದಳು, ಸೂಡು ಹೊರುವ ಗಡಿಬಿಡಿಯಲ್ಲಿ ಕಾಕಾ ಅದನ್ನು ನೋಡಿರಲಿಲ್ಲ. ನಾನು ಒಳಗೆ ಹಾಸಿಗೆ ಹಾಸುತ್ತಿದ್ದೆ.

ಕತ್ತಲೆ, ತಗಡಿನ ಗೋಡೆ, ಹೊರಗೆ ಏದುಸಿರು ಬಿಡುವ ಕಾಕಾ. ಇಂಥ ಅವಕಾಶವನ್ನು ಬಿಟ್ಟರೆ ಕಲೆಗೆ ಅವಮಾನವಲ್ಲವೇ? ಕಾಕುವಿನ ಧ್ವನಿ ತೆಗೆದು ಮೆಲ್ಲಗೆ ಅಂದೆ: “ಏನ್ರೀ... ಒಂದೀಟ... ಥಂ...”

ಹೊರಗೆ ಸೂಡು ಬಿದ್ದ ಸಪ್ಪಳ. “ಅನಬ್ಯಾಡ! ಪೂರಾ ಅನಬ್ಯಾಡ! ತಡಿ!” ಕಿಟಕಿಯಿಂದ ಕಾಕಾರ ಸ್ವೆಟರು ಒಳಗೆ ಬಂತು. ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ “ಕಿವಿ...” ಎಂದೆ. ಮಫ್ಲರು ಬಂತು. “ಕಾಲು...” ಎಂದೆ. ಕಾಲುಚೀಲ ಬಂದವು, ಇನ್ನೂ ಬೆಚ್ಚಗಿದ್ದವು. ಆ ಗಾಡಿಯಲ್ಲಿ ಅಂದು ಯಾರಿಗಾದರೂ ಥಂಡಿ ಹತ್ತದಿದ್ದರೆ ಅದು ನನಗೆ.

ಅಷ್ಟರಲ್ಲಿ ದೂರದಿಂದ ರೊಟ್ಟಿಯ ಬುಟ್ಟಿ ಹಿಡಿದು ಬಂದ ಕಾಕು ಕೇಳಿದಳು: “ಅಲ್ರೀ, ಕಿಟಕಿ ಜೋಡಿ ಏನ್ ಮಾತಾಡಾಕತ್ತೀರಿ? ಸ್ವೆಟರ್ ಎಲ್ಲಿ?”

ಕಾಕಾ ಕಾಕುವನ್ನು ನೋಡಿದರು. ಕಿಟಕಿಯನ್ನು ನೋಡಿದರು. ಮುಂದೆ ಅವರು ಆಡಿದ ಮಾತುಗಳಲ್ಲಿ ಅಚ್ಚು ಹಾಕಿಸಬಹುದಾದದ್ದು “ಮಂಗ್ಯಾನ ಮಗನ” ಒಂದೇ. ಸ್ವೆಟರು, ಮಫ್ಲರು, ಕಾಲುಚೀಲ ಎಲ್ಲ ನನ್ನ ಮೈಯಿಂದ ಇಳಿದು ಕಾಕುವಿನ ಮೈ ಏರಿದವು. ಕಾಕಾ ಬನಿಯನ್ನಿನಲ್ಲಿ ಉಳಿದರು.

ಊಟವಾದ ಮೇಲೆ ಇದ್ದಿಲಿನ ಶೇಗಡಿಯನ್ನು ಒಳಗೆ ಇಟ್ಟುಕೊಳ್ಳೋಣ ಎಂದರು ಕಾಕಾ. “ಹೌದ್ರಿ, ಬಾಗಿಲಾ ಹಾಕ್ಕೊಂಡ ಹೊಗಿ ಕುಡದ ಮಲಗೋಣು, ಮುಂಜಾನಿ ಮೂರೂ ಮಂದಿ ಏಳೂದ ಬ್ಯಾಡ” ಎಂದು ಕಾಕು ಅದನ್ನು ಹೊರಗೇ ಆರಿಸಿದಳು. ಶೇಗಡಿ ಹೋದ ಸಿಟ್ಟಿಗೆ ಕಾಕಾ ಹಳೆಯ ಧೋತರ ಹರಿದು ಕಿಟಕಿ, ಬಾಗಿಲು, ಮೊಳೆಯ ತೂತು, ಎಲ್ಲ ಸಂದಿಗೂ ತುರುಕಿದರು. ಇರುವೆ ಬರಬೇಕಾದರೂ ಬಾಗಿಲು ಬಡಿಯಬೇಕಿತ್ತು.

ಹೀಗೆ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಮೂರು ಮಂದಿ ಉಸಿರಾಡಿದರೆ ಏನಾಗುತ್ತದೆ ಎಂಬುದನ್ನು ಆ ವಿಡಿಯೋದವನು ಹೇಳಿರಲಿಲ್ಲವೋ, ಕಾಕಾ ಅಲ್ಲಿಯವರೆಗೆ ನೋಡಿರಲಿಲ್ಲವೋ. ನಮ್ಮ ಉಸಿರೆಲ್ಲ ತಣ್ಣನೆಯ ತಗಡಿಗೆ ಹತ್ತಿ, ನೀರಾಗಿ, ಬೆಳಗಿನ ಜಾವ ಒಳಗೇ ಮಳೆ ಶುರುವಾಯಿತು. ಅದೇ ಹೊತ್ತಿಗೆ ಗಾಡಿ ತೊಟ್ಟಿಲಿನಂತೆ ಅಲುಗಾಡಿತು. ಧೋತರದ ಚೂರು ಕಿತ್ತು ಇಣುಕಿದೆ. ರೈತರ ಎಮ್ಮೆಗಳು ನಮ್ಮ ಗಾಡಿಯ ಲಂಗವನ್ನು ಬಹಳ ಸಾವಕಾಶವಾಗಿ, ರುಚಿ ನೋಡುತ್ತ, ತಿಂದು ಮುಗಿಸುತ್ತಿದ್ದವು. ಕೆರೆಯ ಗಾಳಿ ಸೀದಾ ಮಂಚದ ಅಡಿಗೆ ನುಗ್ಗಿತು. ಮೇಲಿಂದ ಒಂದು ಹನಿ ಸರಿಯಾಗಿ ಕಾಕುವಿನ ಹಣೆಗೆ ಬಿತ್ತು.

“ಏನ್ರೀ, ಥಂಡಿ” ಎಂದಳು ಕಾಕು.

ಕಾಕಾ ಕಣ್ಣು ತೆರೆಯದೆ ಗದರಿದರು. “ಸುಮ್ನ ಬೀಳಲೇ ಮಂಗ್ಯಾ! ನಿನ್ನಿ ಮಾಡಿದ್ದು ಸಾಲಲಿಲ್ಲೇನು?”

ಕಾಕಾ ನಿಧಾನವಾಗಿ ಕಣ್ಣು ತೆರೆದರು. ಧ್ವನಿ ಬಂದದ್ದು ನನ್ನ ಕಡೆಯಿಂದ ಅಲ್ಲ ಎಂದು ಅವರಿಗೆ ಗೊತ್ತಾಯಿತು. ಬನಿಯನ್ನಿನಲ್ಲಿ ಮುದುಡಿಕೊಂಡು, ತಲೆಯ ಮೇಲೆ ಹನಿ ಬೀಳಿಸಿಕೊಂಡು, ಮಳೆಗೆ ಸಿಕ್ಕ ಅರಳೆಯ ಮೂಟೆಯಂತೆ ಕೂತರು. ಕನ್ಯಾಕುಮಾರಿ ಅವರ ಮುಖದಿಂದಲೇ ಇಳಿದು ಹೋಗುತ್ತಿರುವುದು ಕಾಣುತ್ತಿತ್ತು.

ಕಾಕು ಅವರ ಬರಿ ತೋಳುಗಳನ್ನು ನೋಡಿದಳು. ತನ್ನ ಮೈಮೇಲಿನ ಸ್ವೆಟರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಲ್ಲೋ ಭಾಡ್ಯಾ, ಹೊತ್ತ ಹೊಂಡೂದ್ರಾಗ ಮತ್ತ ನನ್ನ ಧ್ವನಿ ತಗೀತೀ? ನಾಚಿಕಿ ಬರೂದಿಲ್ಲಾ?”

“ಕಾಕು! ಖರೇನ ನಾ ಅಲ್ಲ! ನೀನ...”

“ನಾನ? ನನಗ ಥಂ... ಥಂಡಿನ ಹತ್ತಿಲ್ಲ” ಎಂದಳು, ಹಲ್ಲು ಕಟಕಟ ಕಡಿಯುತ್ತ.

ಕಾಕಾ ತಕ್ಷಣ ಹುಷಾರಾದರು. “ನಾ ಅಂದ್ನಿಲ್ಲ, ಇವಂದ ಧ್ವನಿ ಅಂತ? ನನಗ ಗೊತ್ತಾಗೂದಿಲ್ಲೇನು?” ಎಂದು ನನಗೆ ಇನ್ನಷ್ಟು ಬೈದರು. ನಮ್ಮ ಮನೆತನದಲ್ಲಿ ಇಷ್ಟು ದೊಡ್ಡ ಕಲಾವಿದೆ ಇದ್ದದ್ದು ನನಗೆ ಅಂದೇ ತಿಳಿದದ್ದು.

ಈಗ ಡಬ್ಬಿ ಮತ್ತೆ ಗಬ್ಬೂರಿನಲ್ಲಿದೆ. ಗೋಡೆಗೆ ಅರಳೆ ತುಂಬಿಸುತ್ತಿದ್ದಾರೆ, ಅದೂ ಕಾಕಾರ ಅಂಗಡಿಯ ಮೊದಲ ದರ್ಜೆಯ ಮಾಲು. ಉಸಿರು ಹೋಗಲು ಮೇಲೆ ಒಂದು ಜಾಳಿಗೆಯ ಕಿಂಡಿಯೂ ಆಗಲಿದೆ. ಕನ್ಯಾಕುಮಾರಿಗೆ ನಾನೂ ಹೋಗುತ್ತೇನೆ, ಜೀಪು ನಡೆಸಬೇಕಲ್ಲ. ಆದರೆ ಧ್ವನಿ ತೆಗೆದ ತಪ್ಪಿಗೆ ಮಲಗುವುದು ಜೀಪಿನಲ್ಲಿ ಎಂದು ತೀರ್ಪಾಗಿದೆ. ಮೊನ್ನೆ ತಡೆಯಲಾರದೆ ಮಿಸ್ತ್ರಿಯ ಎದುರು ಎಲ್ಲ ಹೇಳಿಕೊಂಡೆ, ಯಾರ ಧ್ವನಿಯನ್ನೂ ತೆಗೆಯದೆ, ಕಣ್ಣಲ್ಲಿ ನೀರು ಬರುವಷ್ಟು ಪ್ರಾಮಾಣಿಕವಾಗಿ: “ಆ ಮುಂಜಾನಿ ಥಂಡಿ ಅಂದಾಂವ ನಾ ಅಲ್ಲೋ ಮಾರಾಯಾ.”

ಮಿಸ್ತ್ರಿ ಸುತ್ತಿಗೆ ಕೆಳಗಿಟ್ಟು, ಹೊಟ್ಟೆ ಹಿಡಿದು ನಕ್ಕ. “ಭಾಳ ಛಲೋ ತಗೀತೀರಿ ಬಿಡ್ರಿ! ಆದ್ರ ಇದು ಯಾರ ಧ್ವನಿ ಅಂತ ಗುರ್ತ ಹತ್ತಲಿಲ್ಲ ನೋಡ್ರಿ” ಎಂದ.