ನುಂಗಿದ ಮಾತ್ರೆ ಎಲ್ಲಿರುತ್ತದೆ?

ಇರಾನಿನ ಮೇಲೆ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿದರೆ ಅಲ್ಲಿನ ದೊಡ್ಡವರಿಗೆ ಬಿಸಿ ಮುಟ್ಟುತ್ತದೆ ಎಂದು ನೀವು ನಂಬಿದ್ದರೆ, ಪಾಲೋ ಆಲ್ಟೋದ ನಮ್ಮ ಆಫೀಸಿನಲ್ಲಿ ಒಂದು ವಾರ ಕೂತು ನೋಡಿ. ನಮ್ಮದು ಜನ ಒಬ್ಬರಿಗೊಬ್ಬರು ಹಣ ಕಳಿಸುವ ಕಂಪನಿ; ಆ ದೇಶದ ವಾಸನೆ ಬಂದ ಹಣವನ್ನೆಲ್ಲ ತಡೆದು ವಿಚಾರಿಸುವುದೇ ನನ್ನ ಕೆಲಸ. ಇಂಥ ಘನಂದಾರಿ ಕೆಲಸದಲ್ಲಿ ನಗೆಪಾಟಲಿಗೆ ಬರವೇ ಇಲ್ಲ.

ಕಾರ್ಪೆಟ್ಟು

ಎಮರಿವಿಲ್‌ನ ಹೆಂಗಸೊಬ್ಬರು ಕಾರ್ಪೆಟ್ ತೊಳೆದವನಿಗೆ ಹಣ ಕಳಿಸುತ್ತಾ, 'ಇರಾನಿ ಕಾರ್ಪೆಟ್ಟು ತೊಳೆದಿದ್ದಕ್ಕೆ' ಎಂದು ಬರೆದರು. ಕಂಪ್ಯೂಟರು ಹಣ ಹಿಡಿದುಕೊಂಡಿತು. ಕಾರ್ಪೆಟ್ಟು ಯಾರು ತಂದದ್ದು ಎಂದು ನಾನೇ ಫೋನು ಮಾಡಿ ಕೇಳಬೇಕಾಯಿತು.

"ನಮ್ಮಜ್ಜಿ ಕೊಟ್ಟಿದ್ದು."

"ಅವರ ವಿಳಾಸ ಹೇಳ್ತೀರಾ?"

"ಸ್ಮಶಾನದ್ದೇ ಕೊಡ್ಲಾ?"

ನಮ್ಮ ಮೇಲಧಿಕಾರಿ, ಬೆಂಗಳೂರಿನವರೇ, ಅದನ್ನೂ ಬರೆಸಿದರು. ವಿಳಾಸದ ಕಾಲಂ ಖಾಲಿ ಬಿಡುವಂತಿಲ್ಲವಂತೆ.

ಪೊಟ್ಟಣ

ಆಫೀಸಿನಿಂದ ಗಂಟೆಯ ದಾರಿಯ ಡಬ್ಲಿನ್ ಎಂಬ ಊರಿನಲ್ಲಿ ನಮ್ಮ ಮನೆ; ಪಕ್ಕದ ಮನೆಯಾಕೆ ಇರಾನಿನವಳು. ಶಿರಾಜ್‌ನಲ್ಲಿರುವ ಅವಳ ತಾಯಿಗೆ ಫಿಟ್ಸು. ಅಲ್ಲಿನ ಅಂಗಡಿಗಳಲ್ಲಿ ಮಾತ್ರೆ ಇಲ್ಲ. ಇದ್ದಬದ್ದದ್ದನ್ನು ಮುದುಕಿ ಅರ್ಧರ್ಧ ಮಾಡಿ ನುಂಗುತ್ತಿದ್ದರು. ಔಷಧಕ್ಕೆ ನಿರ್ಬಂಧವಿಲ್ಲ ಎಂದು ಕಾನೂನಿನಲ್ಲೇ ಇದೆ. ಆದರೆ ಆ ದೇಶದ ಹೆಸರು ಕೇಳಿದರೆ ಬ್ಯಾಂಕಿನವರೂ ಕೊರಿಯರಿನವರೂ ಬಾಗಿಲು ಹಾಕುತ್ತಾರೆ. ಅಲ್ಲಿನ ದೊಡ್ಡ ಮನುಷ್ಯರ ಮಕ್ಕಳಿಗೆ ಮಾತ್ರ ಇಲ್ಲಿನ ಹೊಸ ಫೋನು ನನಗಿಂತ ಮೊದಲೇ ಸಿಕ್ಕಿರುತ್ತದೆ. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಇದೆಲ್ಲ ಒಂದು ಸಮಸ್ಯೆಯೇ ಅನ್ನಿಸಲಿಲ್ಲ. "ಯಾರಾದ್ರೂ ಹೋಗೋರ ಕೈಲಿ ಕೊಟ್ಟು ಕಳ್ಸಿದ್ರಾಯ್ತಪ್ಪ," ಎಂದವರೇ ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟರು: 'ಇರಾನಿಗೆ ಹೋಗುವವರಿದ್ದೀರಾ? ಒಂದು ಸಣ್ಣ ಪೊಟ್ಟಣ ಇದೆ.'

ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರೆಲ್ಲ ಅದಕ್ಕೆಲ್ಲಿ ಕಲ್ಲು ಬೀಳುತ್ತದೋ ಎಂದು ಹೆದರಿ ಎದ್ದೆವೋ ಬಿದ್ದೆವೋ ಅಂತ ಗುಂಪು ಬಿಟ್ಟರು. ಉಳಿದವರಲ್ಲಿ ಒಬ್ಬಾಕೆ ಮಾತ್ರ ಉತ್ತರಿಸಿದಳು: 'ಆಂಟಿ, ಹೋಗೋರು ಸಿಕ್ರೆ ನಂಗೂ ಹೇಳಿ. ಕಾಲು ಕೇಜಿ ಕೇಸರಿ ತರಿಸ್ಬೇಕು.'

ಅರ್ಜಿ

ಕೊನೆಗೆ ಔಷಧ ಕಳಿಸುವ ಕಂಪನಿಯೊಂದು ಒಪ್ಪಿತು. ಆದರೆ ಹಣ ಹೋಗಬೇಕಾದ್ದು ನಮ್ಮ ಆಫೀಸಿನ ಮೂಲಕವೇ. ನಮ್ಮವರು ಮುದುಕಿಗೆ ಒಂದು ಅರ್ಜಿ ಕಳಿಸಿದರು. ಅದರಲ್ಲೊಂದು ಪ್ರಶ್ನೆ: ವಸ್ತುವನ್ನು ಏನು ಮಾಡುತ್ತೀರಿ? ಮುದುಕಿ 'ನುಂಗುತ್ತೇನೆ' ಎಂದು ಬರೆದರು. ನಮ್ಮವರ ಟಿಪ್ಪಣಿಯೊಂದಿಗೆ ಅರ್ಜಿ ವಾಪಸು ಹೋಯಿತು: ಉತ್ತರ ಸಾಲದು, ಬಳಸಿದ ಮೇಲೆ ವಸ್ತು ಎಲ್ಲಿರುತ್ತದೆ ತಿಳಿಸಿ, ಸೈನ್ಯಕ್ಕೆ ಕೊಡುವುದಿಲ್ಲವೆಂದು ಸಹಿ ಮಾಡಿ.

ಅಷ್ಟರಲ್ಲಿ ಮುದುಕಿ ಫಿಟ್ಸ್ ಬಂದು ಬಿದ್ದು ಹಣೆ ಒಡೆದುಕೊಂಡರು. ಸುದ್ದಿ ಕೇಳಿ ಮೇಲಧಿಕಾರಿಯ ರೂಮಿಗೆ ನುಗ್ಗಿದೆ.

"ಸರ್, ನುಂಗಿದ ಮಾತ್ರೆ ಎಲ್ಲಿರುತ್ತೆ, ಆಮೇಲೆ ಎಲ್ಲಿಗೆ ಹೋಗುತ್ತೆ, ನೀವೇ ಬರೀರಿ. ನಾಳೆ ಮೀಟಿಂಗಲ್ಲಿ ಎಲ್ಲರೆದುರಿಗೆ ಓದ್ತೀನಿ."

"ಏನ್ರೀ ಇದು, ಪ್ರೊಸೀಜರ್ರು..."

"ನಿಮ್ಮ ಪ್ರೊಸೀಜರ್ ಮನೆ ಹಾಳಾಗ! ಆ ಮುದುಕಿ ಸತ್ತರೆ ಯಾವ ಕಾಲಮ್ಮಿಗೆ ಹಾಕ್ತೀರಿ?"

ಹಣ ಬಿಡುವ ಕಾಗದಕ್ಕೆ ತಲೆ ಎತ್ತದೆ ಸಹಿ ಹಾಕಿದರು.

ಮಾತ್ರೆ ತಲುಪಿದ ದಿನ ಪಕ್ಕದ ಮನೆಯಾಕೆ ತಾಯಿಯನ್ನು ವಿಡಿಯೋದಲ್ಲಿ ತೋರಿಸಿದಳು. ಹಣೆಗೆ ಪಟ್ಟಿ ಕಟ್ಟಿಕೊಂಡ ಮುದುಕಿ ಅರ್ಜಿಯನ್ನು ಬೀಸುತ್ತಾ ಏನೋ ಹೇಳಿ ಬಿದ್ದು ಬಿದ್ದು ನಕ್ಕರು. ಮಗಳು ಕಣ್ಣೊರೆಸಿಕೊಂಡು ನನಗೆ ಅರ್ಥ ಹೇಳಿದಳು:

"ಐವತ್ತು ವರ್ಷ ಸಂಸಾರ ಮಾಡಿದೆ, ನಿಮ್ಮಪ್ಪ ಒಂದು ದಿನ ನನಗೆ ಹೆದರಲಿಲ್ಲ. ಅಮೆರಿಕ ಎಷ್ಟು ಹೆದರಿದೆ ನೋಡು!"