ಭಾವನ ಅಯಸ್ಕಾಂತ, ಅಕ್ಕನ ಹಸು

ನಾನು ಪತ್ರಿಕಾ ಕಚೇರಿಗೆ ಹೊತ್ತಿಗೆ ಮುಂಚೆಯೇ ತಲುಪತೊಡಗಿದ್ದಕ್ಕೆ ಕಾರಣ ನನ್ನ ಶಿಸ್ತಲ್ಲ, ನಮ್ಮ ಭಾವ. ಒಂದು ಭಾನುವಾರ ಜಾವಳಿಯ ಅಕ್ಕನ ಮನೆಗೆ ಹೋದವನು ಊಟಕ್ಕೆ ಕೂರುವಾಗ ಕೈಗಡಿಯಾರ ಬಿಚ್ಚಿ ಭಾವನ ಮೇಜಿನ ಮೇಲಿಟ್ಟೆ. ಅಲ್ಲಿ ಒಂದು ಪೆಟ್ಟಿಗೆಯಿತ್ತು, ಪೆಟ್ಟಿಗೆಯ ತುಂಬ ಅಯಸ್ಕಾಂತಗಳಿದ್ದವು. ಚಿಕ್ಕಮಗಳೂರಿಗೆ ಮರಳಿದ ಮೇಲೆ ನನ್ನ ಗಡಿಯಾರ ಹೊತ್ತಿಗಿಂತ ಮುಂದೆ ಓಡತೊಡಗಿತು. ದೂರಿದರೆ ಭಾವ ಖುಷಿಪಟ್ಟರು.

"ಒಳಗಿನ ಸ್ಪ್ರಿಂಗಿಗೆ ಕಾಂತತ್ವ ಬಂದಿದೆ ಕಣಯ್ಯ. ಸುರುಳಿ ಸುರುಳಿಗೇ ಅಂಟಿಕೊಂಡಿದೆ. ಎಷ್ಟು ಚೆನ್ನಾದ ಉದಾಹರಣೆ. ನನ್ನ ಹತ್ರ ಬಿಟ್ಟು ಹೋಗು, ಹುಡುಗ್ರಿಗೆ ತೋರಿಸ್ತೀನಿ."

ಗಡಿಯಾರ ಹೋಯಿತು. ಭಾವ ಹೈಸ್ಕೂಲಿನ ವಿಜ್ಞಾನದ ಮೇಷ್ಟರು. ಪಠ್ಯದಲ್ಲಿ ಬೆಳಕು, ಶಾಖ, ಶಬ್ದ ಎಲ್ಲ ಇದ್ದವು. ಅವನ್ನೆಲ್ಲ ಅವರು ಮದುವೆ ಮನೆಯಲ್ಲಿ ಪಾಯಸ ಬರುವ ತನಕ ಕೋಸಂಬರಿ ತಿನ್ನುವವರ ಹಾಗೆ ಮುಗಿಸುತ್ತಿದ್ದರು. ಪಾಯಸವೆಂದರೆ ಕಾಂತತ್ವದ ಪಾಠ.

ಕಳಸದ ಆಚೆ ಕುದುರೆಮುಖದ ಕಡೆಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಅವರು ಬಸ್ಸಿನ ಮುಂದಿನ ಸೀಟಿನಲ್ಲಿ ದಿಕ್ಸೂಚಿ ಹಿಡಿದು ಕೂತಿದ್ದರು. ಆಗ ಅಲ್ಲಿನ ಕಬ್ಬಿಣದ ಗಣಿ ಇನ್ನೂ ನಡೆಯುತ್ತಿತ್ತು. ಅಲ್ಲಿನದು ಅಯಸ್ಕಾಂತಕ್ಕೆ ಅಂಟುವ ಜಾತಿಯ ಅದಿರು. ಒಂದು ತಿರುವಿನಲ್ಲಿ ಇಳಿದು ಬಂಡೆಯ ಬಳಿ ಹಿಡಿದರೆ ಮುಳ್ಳು ಉತ್ತರ ಬಿಟ್ಟು ಎತ್ತಲೋ ತಿರುಗಿತು. ಮಕ್ಕಳಿಗಿಂತ ಹೆಚ್ಚು ಕುಣಿದವರು ಮೇಷ್ಟರು. "ನೋಡ್ರೋ, ಬೆಟ್ಟವೇ ದಾರಿ ತಪ್ಪಿಸ್ತಿದೆ!"

"ನಿಮ್ಮ ಮುಳ್ಳು ಹೇಳಿದ ಕಡೆ ಹೋದ್ರೆ ಕಂದಕ ಮೇಷ್ಟ್ರೇ," ಎಂದರಂತೆ ಬಸ್ಸಿನ ಡ್ರೈವರ್. "ಹತ್ತಿ. ನಾನು ರಸ್ತೆ ನೋಡ್ಕೊಂಡು ಹೋಗ್ತೀನಿ."

ಇಂಥ ಗಂಡಸಿನ ಜೊತೆ ಸಂಸಾರ ಮಾಡುವುದು ಹೇಗೆ? ಅಕ್ಕ ಮಾಡುತ್ತಿದ್ದಳು. ಅವಳ ದೇವರನಾಮದ ಕ್ಯಾಸೆಟ್ಟಿನಲ್ಲಿ ಒಂದು ದಿನ ಪಲ್ಲವಿಯಾದ ಮೇಲೆ ಬರೀ ಗೊರಗೊರ. ಕ್ಯಾಸೆಟ್ಟನ್ನು ಅಯಸ್ಕಾಂತದ ಪೆಟ್ಟಿಗೆಯ ಮೇಲೆ ಇಟ್ಟವರು ಯಾರೆಂದು ತನಿಖೆ ಮಾಡುವ ಅಗತ್ಯವಿರಲಿಲ್ಲ.

"ಹಾಡು ಎಲ್ಲೂ ಹೋಗಿಲ್ಲ," ಎಂದರು ಭಾವ. "ಪಟ್ಟಿಯ ಮೇಲಿನ ಕಣಗಳ ಜೋಡಣೆ ಬದಲಾಗಿದೆ, ಅಷ್ಟೇ."

"ಹಾಗಾದ್ರೆ ವಾಪಸ್ ಜೋಡಿಸಿ ಕೊಡಿ," ಎಂದಳು ಅಕ್ಕ.

ಅದಾದ ಮೇಲೆ ಹೊಸ ಕಲರ್ ಟಿ.ವಿ. ಬಂತು. ಎಲೆಕ್ಟ್ರಾನುಗಳು ಹೇಗೆ ಬಾಗುತ್ತವೆಂದು ನನಗೆ ತೋರಿಸಲು ಭಾವ ಪರದೆಯ ಹತ್ತಿರ ಅಯಸ್ಕಾಂತ ಹಿಡಿದರು. ವಾರ್ತೆ ಓದುತ್ತಿದ್ದಾಕೆಯ ಅರ್ಧ ಮುಖ ಹಸಿರಾಯಿತು, ಉಳಿದರ್ಧ ನೇರಳೆ. ಅಯಸ್ಕಾಂತ ತೆಗೆದರು. ಬಣ್ಣ ಹೋಗಲಿಲ್ಲ. ಧಾರಾವಾಹಿಯ ಅತ್ತೆ ಸೊಸೆಯರನ್ನು ಸೀರೆಯ ಬಣ್ಣದಿಂದ ಗುರುತಿಸುತ್ತಿದ್ದ ಅಕ್ಕನಿಗೆ ಆ ವಾರವಿಡೀ ಯಾರು ಯಾರಿಗೆ ವಿಷ ಹಾಕಿದರೆಂದೇ ತಿಳಿಯಲಿಲ್ಲ.

ಅಂದೇ ಅವಳು ಆಜ್ಞೆ ಹೊರಡಿಸಿದಳು. ಮನೆಯೊಳಗೆ ಇನ್ನು ಅಯಸ್ಕಾಂತ ಇರಕೂಡದು. ಭಾವ ಪೆಟ್ಟಿಗೆ, ತಂತಿ, ಬ್ಯಾಟರಿ, ಮೊಳೆಗಳನ್ನೆಲ್ಲ ಹೊತ್ತುಕೊಂಡು ಕೊಟ್ಟಿಗೆಗೆ ಹೋದರು. ಬೈಹುಲ್ಲು ಒಟ್ಟಿದ್ದ ಮೂಲೆಯಲ್ಲಿ ಒಂದು ಹಲಗೆ ಹಾಕಿ ಪ್ರಯೋಗಾಲಯ ತೆರೆದರು. ಆಮೇಲೆ ನಡೆದದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಪಾಲುದಾರರೆಂದು ನಾನು ಹೇಳಿದರೆ ಎರಡೂ ಕಡೆಯವರು ಒಪ್ಪುವುದಿಲ್ಲ.

ಕೊಟ್ಟಿಗೆಯಲ್ಲಿದ್ದುದು ಒಂದೇ ಹಸು, ತುಂಗೆ. ಅದು ಅಕ್ಕನ ಹಸು. ಕರುವಾಗಿದ್ದಾಗಲೇ ತಾಯಿ ಸತ್ತದ್ದರಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಅವಳು. ಮಕ್ಕಳಿಲ್ಲದ ಮನೆ. ಬೆಳಿಗ್ಗೆ ಅಕ್ಕ ಮೊದಲು ಮಾತಾಡುತ್ತಿದ್ದುದು ತುಂಗೆಯ ಜೊತೆ, ನಂತರ ಕಾಫಿಯ ಪಾತ್ರೆಯ ಜೊತೆ, ಮೂರನೆಯದಾಗಿ ಭಾವನ ಜೊತೆ.

ಆ ತುಂಗೆ ಮೇವು ಬಿಟ್ಟಿತು. ಬೆನ್ನು ಗೂನು ಮಾಡಿ ನಿಂತಿತು. ಅಂಗಳದಿಂದ ಗದ್ದೆಯ ಕಡೆಗೆ ಇಳಿಯುವ ಜಾರಿನಲ್ಲಿ ಒಂದು ಹೆಜ್ಜೆ ಇಡಲೂ ಒಪ್ಪಲಿಲ್ಲ. ಮೂಡಿಗೆರೆಯಿಂದ ಪಶುವೈದ್ಯರು ಸ್ಕೂಟರಿನಲ್ಲಿ ಬಂದರು. ಆ ದಿನ ನಾನೂ ಅಲ್ಲಿದ್ದೆ. ವೈದ್ಯರು ಹಸುವಿನ ಹೆಗಲ ಮೇಲಿನ ಚರ್ಮ ಚಿವುಟಿದಾಗ ಅದು ನರಳಿತು.

"ಹುಲ್ಲಿನ ಜೊತೆ ತಂತಿ, ಮೊಳೆ ಏನಾದ್ರೂ ಹೊಟ್ಟೆಗೆ ಹೋಗಿರಬಹುದಾ?"

ಅಕ್ಕ ಭಾವನ ಕಡೆ ನೋಡಿದಳು. ಭಾವ ಹಲಗೆಯ ಕಡೆ ನೋಡಿದರು.

"ಇಂಥದ್ದಕ್ಕೆ ಒಂದು ಅಯಸ್ಕಾಂತ ನುಂಗಿಸ್ತೀವಿ," ಎಂದರು ವೈದ್ಯರು. "ಅದು ಹೊಟ್ಟೆಯೊಳಗೆ ಕೂತು ಮೊಳೆಯನ್ನ ಹಿಡಿದಿಟ್ಕೊಳ್ಳುತ್ತೆ. ಇಲ್ಲದಿದ್ರೆ ಮೊಳೆ ಮುಂದೆ ಸರಿದು ಎದೆಗೇ ಚುಚ್ಚಬಹುದು. ಆಮೇಲೆ ಹಸು ಉಳಿಯಲ್ಲ. ನನ್ನ ಹತ್ರ ಖಾಲಿಯಾಗಿದೆ, ಚಿಕ್ಕಮಗಳೂರಿಂದ ತರಿಸಬೇಕು."

"ಈ ಮನೇಲಿ ಅಯಸ್ಕಾಂತಕ್ಕೆ ಬರವಾ ಡಾಕ್ಟ್ರೇ?" ಎಂದಳು ಅಕ್ಕ.

ಭಾವ ಪೆಟ್ಟಿಗೆ ತಂದು ತೆರೆದರು. ವೈದ್ಯರು ಒಡವೆ ಅಂಗಡಿಗೆ ಬಂದವರ ಹಾಗೆ ಒಂದೊಂದನ್ನೇ ಎತ್ತಿ ನೋಡಿ, ಬೆರಳುದ್ದದ, ಅಂಚಿಲ್ಲದ, ನುಣ್ಣನೆಯ ದುಂಡು ತುಂಡೊಂದನ್ನು ಆರಿಸಿದರು. ಪೆಟ್ಟಿಗೆಯಲ್ಲಿ ಅತ್ಯಂತ ಬಲವಾದದ್ದು ಅದೇ. ನನಗೆ ಮುಟ್ಟಲೂ ಕೊಟ್ಟಿರಲಿಲ್ಲ. ಭಾವನ ಮುಖ ಬಾಡಿತು. ಆದರೆ ಅವರು ಕೇಳಿದ್ದು ಬೇರೆ.

"ಡಾಕ್ಟ್ರೇ, ಒಂದು ಅನುಮಾನ. ತಾಮ್ರ ಅಯಸ್ಕಾಂತಕ್ಕೆ ಅಂಟಲ್ಲ. ಆ ಮೊಳೆಯ ಸುತ್ತ ತಾಮ್ರದ ತಂತಿ ಸುತ್ತಿದ್ದೆ."

ತಪ್ಪೊಪ್ಪಿಗೆಯನ್ನು ಭೌತಶಾಸ್ತ್ರದ ಪ್ರಶ್ನೆಯಾಗಿ ಕೊಟ್ಟವರನ್ನು ನಾನು ಯಾವ ಕೋರ್ಟಿನಲ್ಲೂ ಕಂಡಿಲ್ಲ.

"ಒಳಗಿನ ಮೊಳೆ ಕಬ್ಬಿಣದ್ದೇ ಅಲ್ವಾ ಮೇಷ್ಟ್ರೇ?" ಎಂದರು ವೈದ್ಯರು. "ಸಾಕು ಬಿಡಿ."

ಅಯಸ್ಕಾಂತ ತುಂಗೆಯ ಗಂಟಲಿನಲ್ಲಿ ಇಳಿಯಿತು. ವೈದ್ಯರು ಇಂಜೆಕ್ಷನ್ ಕೊಟ್ಟು, ಮುಂಗಾಲು ಎತ್ತರದಲ್ಲಿರುವಂತೆ ಹಸುವನ್ನು ಹಲಗೆಯ ಮೇಲೆ ನಿಲ್ಲಿಸಲು ಹೇಳಿದರು. ಭಾವ ತಮ್ಮ ಪ್ರಯೋಗಾಲಯದ ಹಲಗೆಯನ್ನೇ ಕಿತ್ತು ತಂದರು. ಅಯಸ್ಕಾಂತ ಒಳಗೆ ಕೂತಿದೆಯೇ ಎಂದು ನೋಡಲು ದಿಕ್ಸೂಚಿಯನ್ನು ಹಸುವಿನ ಎದೆಯ ಹಿಂದೆ, ಪಕ್ಕೆಯ ಕೆಳಭಾಗಕ್ಕೆ ಹಿಡಿದರು. ಮುಳ್ಳು ಸರಕ್ಕನೆ ಹಸುವಿನ ಕಡೆ ತಿರುಗಿತು.

"ಇನ್ಮೇಲೆ ಉತ್ತರ ದಿಕ್ಕು ಬೆಳಿಗ್ಗೆ ಮೇಯಕ್ಕೆ ಹೋಗಿ ಸಂಜೆ ಬರುತ್ತೆ ಅನ್ನಿ ಭಾವ," ಎಂದೆ. ಯಾರೂ ನಗಲಿಲ್ಲ.

ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ಮುಂದಿನ ಭಾನುವಾರ ನಾನು ಹೋದಾಗಲೂ ತುಂಗೆ ಹುಲ್ಲು ಮೂಸಿ ಮುಖ ತಿರುಗಿಸುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕ ಅಕ್ಕಿರೊಟ್ಟಿ ತಟ್ಟುತ್ತ ದನಿ ತಗ್ಗಿಸಿ ಹೇಳಿದಳು:

"ಶಾಲೆಗೆ ಕಟ್ಟಿಕೊಟ್ಟ ಡಬ್ಬಿ ಹಾಗೇ ವಾಪಸ್ ಬರ್ತಿದೆ ಮಾರಾಯ. ಮನೇಲೂ ತಟ್ಟೆ ಮುಂದೆ ಕೂತು ಎದ್ದು ಹೋಗ್ತಾರೆ. ಯಾಕೆ ಅಂತ ಕೇಳೋಣ ಅಂದ್ರೆ ನಾನು ಮಾತು ಬಿಟ್ಟಿದೀನಲ್ಲ. ನೀನೇ ಕೇಳು."

ಕೇಳಲು ಕೊಟ್ಟಿಗೆಗೆ ಹೊರಟೆ. ಅಕ್ಕ ಕಲಗಚ್ಚಿನ ಬಕೆಟ್ ಹಿಡಿದು ಹಿಂದೆಯೇ ಬಂದಳು. ಬಾಗಿಲಲ್ಲೇ ಇಬ್ಬರೂ ನಿಂತೆವು. ಭಾವ ಕುಕ್ಕರುಗಾಲಲ್ಲಿ ಕೂತು, ಗದ್ದೆ ಬದುವಿನಿಂದ ಕೊಯ್ದು ತಂದ ಹಸಿಹುಲ್ಲಿನ ಒಂದೊಂದೇ ಎಳೆ ಹಿಡಿದು ತುಂಗೆಯ ಮುಂದೆ ಚಾಚುತ್ತಿದ್ದರು. ಪಾಠ ಮಾಡುವ ದನಿ ಅದಾಗಿರಲಿಲ್ಲ.

"ಒಂದೇ ಒಂದು ಬಾಯಿ ತಿನ್ನೇ ತಾಯಿ. ಅವಳು ನನ್ನ ಹತ್ರ ಮಾತಾಡದಿದ್ರೆ ಪರವಾಗಿಲ್ಲ, ನಾನು ತಡ್ಕೋತೀನಿ. ನಿನ್ನ ಹತ್ರ ಮಾತಾಡದೆ ಅವಳಿಗೆ ಬೆಳಗೇ ಆಗಲ್ಲ ಕಣೇ."

ತುಂಗೆ ಅವರ ಕೈಯನ್ನು ಮೂಸಿತು. ನಾಲಿಗೆ ಚಾಚಿ ಒಂದು ಎಳೆ ಎಳೆದುಕೊಂಡಿತು. ಅಗಿಯಿತು. ಇನ್ನೊಂದಕ್ಕೆ ಕತ್ತು ಚಾಚಿತು. ಭಾವ ಅಲುಗಾಡದೆ ಕೂತಿದ್ದರು. ಕೈ ಮಾತ್ರ ಮುಂದಿನ ಎಳೆಯನ್ನು ಚಾಚಿತು.

ಅಕ್ಕ ಬಕೆಟ್ ಕೆಳಗಿಟ್ಟು, ನನ್ನನ್ನು ದಾಟಿ ಒಳಗೆ ಹೋದಳು. ಹಸುವಿನ ಕತ್ತಿನಡಿಯ ಗಂಗೆದೊಗಲು ನೇವರಿಸಿದಳು. ಗಂಡನ ಮುಖ ನೋಡದೆ, ಇನ್ನೊಂದು ಕೈಯಿಂದ ಅವರ ಅಂಗಿಗೆ ಅಂಟಿದ್ದ ಹುಲ್ಲು ಕೊಡವಿದಳು.

"ಅದು ತಿಂತು," ಎಂದಳು. "ಇನ್ನು ನೀವೂ ಏಳಿ. ರೊಟ್ಟಿ ಆರಿ ಹೋಗುತ್ತೆ."