ಜೊತೆಗಾರರು ಬಾಯಿ ತೆರೆಯತಕ್ಕದ್ದಲ್ಲ

ಸುವಾರ್ತಾ ಸೇವಕರ ಗೃಹ ತರಬೇತಿ ಕೇಂದ್ರದ ಪರಮಪೂಜ್ಯ ನಿರ್ದೇಶಕರಿಗೆ,

ಮಾನ್ಯರೇ,

ಕಳೆದ ಮೂರು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಕಂಪ್ಯೂಟರಿನ ಪರದೆಯ ಮೇಲೆ ತಮ್ಮ ದರ್ಶನ ಪಡೆಯುತ್ತ ಬಂದಿರುವ, ತಮ್ಮ ಬೆನ್ನ ಹಿಂದಿನ ಕಪಾಟಿನಲ್ಲಿ ಎಷ್ಟು ಪುಸ್ತಕಗಳು ತಲೆಕೆಳಗಾಗಿವೆ ಎಂಬುದನ್ನೂ ಬಲ್ಲ, ಆದರೆ ತಾವು ಒಮ್ಮೆಯೂ ಕಣ್ಣಾರೆ ಕಂಡಿರದ ಒಬ್ಬ ದರ್ಜಿಯ ಅನಂತ ನಮಸ್ಕಾರಗಳನ್ನು ದಯವಿಟ್ಟು ಸ್ವೀಕರಿಸಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ. ಹೋದ ವಾರ ಕೆಮ್ಮುತ್ತಿದ್ದಿರಿ, ಈಗ ವಾಸಿಯಾಗಿರಬಹುದು.

ನಾನು ಯಾರೆಂದು ಹೇಳಿಬಿಡುತ್ತೇನೆ. ಮನೆಯಲ್ಲೇ ಕುಳಿತು ತಮ್ಮ ಕೇಂದ್ರದ ತರಬೇತಿ ಪಡೆಯುತ್ತ, ಜಪಾನಿ ಭಾಷೆ ಕಲಿತು, ಆ ದೇಶಕ್ಕೆ ಸುವಾರ್ತೆ ಸಾರಲು ಹೊರಡಬೇಕಾಗಿರುವ ಇಪ್ಪತ್ತೊಂದು ವರ್ಷದ ಹುಡುಗನ ಅಕ್ಕ ನಾನು. ಆರಡಿ ಎತ್ತರ ಬೆಳೆದು ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುವ ಅವನನ್ನು ನಾವು ಇವತ್ತಿಗೂ ಪುಟ್ಟ ಎಂದೇ ಕರೆಯುವುದರಿಂದ ಈ ಪತ್ರದಲ್ಲೂ ಹಾಗೆಯೇ ಕರೆಯಲು ಅಪ್ಪಣೆ ಬೇಡುತ್ತೇನೆ.

ನನ್ನ ದೂರು ತಮ್ಮ ಹನ್ನೊಂದನೆಯ ನಿಯಮದ ಬಗ್ಗೆ. ತರಬೇತಿಯಲ್ಲಿರುವ ಸೇವಕನು ಕ್ಷಣಮಾತ್ರವೂ ಒಂಟಿಯಾಗಿರತಕ್ಕದ್ದಲ್ಲ, ಜೊತೆಗಾರರೊಬ್ಬರು ಸದಾ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲಿರತಕ್ಕದ್ದು ಎಂದು ಅದು ಅಪ್ಪಣೆ ಕೊಡಿಸುತ್ತದೆ. ಕೇಂದ್ರದಲ್ಲಾದರೆ ಹುಡುಗರನ್ನು ಜೋಡಿ ಮಾಡಿ ಬಿಡುತ್ತೀರಿ, ಮುಗಿಯಿತು. ಮನೆಯಲ್ಲಿ ಜೋಡಿ ಯಾರು? ಅಪ್ಪ ಬಸ್ಸು ಓಡಿಸುತ್ತಾರೆ, ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಹಾಗಾಗಿ ಅಮ್ಮ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ "ನೀನು ಹೇಗೂ ಮನೇಲೇ ಇರ್ತೀಯಲ್ಲ, ನಿಂಗೇನು ಕಷ್ಟ" ಎಂದು ತೀರ್ಪು ಕೊಟ್ಟು ಹೊರಟುಬಿಟ್ಟರು. ಹದಿಮೂರು ವರ್ಷಗಳಿಂದ ಈ ಬೀದಿಯ ಕೋಟು, ಸ್ಕರ್ಟು, ಶಾಲೆಯ ಮಕ್ಕಳ ನಿಲುವಂಗಿಗಳನ್ನೆಲ್ಲ ಹೊಲಿದು ಬೆನ್ನು ಬಗ್ಗಿಸಿಕೊಂಡಿರುವ ನನಗೆ ಕೆಲಸವೇ ಇಲ್ಲವೆಂಬ ಸಂತೋಷದ ಸುದ್ದಿ ತಿಳಿದದ್ದು ಆ ದಿನ. ಅಪ್ಪನೂ ಪುಟ್ಟನೂ ಸೇರಿ ನನ್ನ ಹೊಲಿಗೆ ಯಂತ್ರವನ್ನು ಕಿಟಕಿಯ ಬೆಳಕಿನಿಂದ ಎತ್ತಿ ಅವನ ಓದುವ ಮೇಜಿನ ಪಕ್ಕಕ್ಕೆ ತಂದಿಟ್ಟರು. ಕ್ಯಾಮೆರಾದ ಕಣ್ಣಿಗೆ ಬೀಳದಂತೆ ನಾನು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಸರಿಸಿಕೊಂಡೆ.

ಮಾನ್ಯರೇ, ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ಪರದೆಯ ಮೇಲೆ ತಮ್ಮ ಕೇಂದ್ರದ ಜಪಾನಿ ಟೀಚರಮ್ಮ ಪಾಠ ಓದುವಾಗ ಯಂತ್ರದ ಸದ್ದು ಆಗಬಾರದೆಂದು ನಾನು ಪೆಡಲಿನಿಂದ ಕಾಲು ತೆಗೆಯುತ್ತಿದ್ದೆ. ಕಾಲು ಸುಮ್ಮನಿದ್ದರೆ ಕಿವಿ ಸುಮ್ಮನಿರುತ್ತದೆಯೇ? ದಿನಕ್ಕೆ ಆರು ಗಂಟೆಯಂತೆ ಮೂರು ತಿಂಗಳು ಕೇಳಿದರೆ ಗೋಡೆಗೂ ಮಾತು ಬರುತ್ತದೆ. ಅದೂ ಅಲ್ಲದೆ ಆ ಭಾಷೆ ಎಷ್ಟು ಸಂಭಾವಿತವಾದುದೆಂದರೆ, ನಮ್ಮ ಹಾಗೆಯೇ ಕ್ರಿಯಾಪದವನ್ನು ವಾಕ್ಯದ ಕೊನೆಯವರೆಗೆ ಜೋಪಾನವಾಗಿ ಇಟ್ಟುಕೊಂಡು, ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ಎಂದು ಕೇಳುವವರನ್ನು ಕಾಯಿಸುತ್ತದೆ. ನೋಡನೋಡುತ್ತಿದ್ದಂತೆ ನಾನು ಟೇಪು ಹಿಡಿದು ಗಿರಾಕಿಗಳ ಸೊಂಟವನ್ನು ಇಚಿ, ನಿ, ಸಾನ್ ಎಂದು ಜಪಾನಿಯಲ್ಲಿ ಎಣಿಸತೊಡಗಿದೆ. ಬಂದವರಿಗೂ ಹೋದವರಿಗೂ ನಾನು ಸೊಂಟ ಬಗ್ಗಿಸಿ ವಂದಿಸುವುದನ್ನು ನೋಡಲಾರದೆ ಎದುರು ಮನೆಯ ಬೇಕರಿಯಮ್ಮ "ಎಷ್ಟು ದಿನದಿಂದ ಹೀಗೆ ಹಿಡ್ಕೊಂಡಿದೆಯಮ್ಮಾ" ಎಂದು ಬೆನ್ನುನೋವಿನ ಮುಲಾಮು ತಂದುಕೊಟ್ಟರು. ಮುಲಾಮು ಚೆನ್ನಾಗಿದೆ, ಈಗಲೂ ಹಚ್ಚುತ್ತಿದ್ದೇನೆ.

ಇನ್ನು ಪುಟ್ಟ. ಅವನ ಮನಸ್ಸು ಅಪ್ಪಟ ಬೆಣ್ಣೆ. ಅವನಿಗಿರುವ ಸೇವೆಯ ಹಂಬಲದಲ್ಲಿ ಕಾಲು ಪಾಲು ನಮ್ಮ ಚರ್ಚಿನ ಸಭೆಯ ಹಿರಿಯರೆಲ್ಲ ಹಂಚಿಕೊಂಡರೂ ಸಾಕಿತ್ತು. ಆದರೆ ಜಪಾನಿ ಭಾಷೆ ಕಂಡರೆ ಅವನಿಗೆ ಗರ ಬಡಿಯುತ್ತದೆ. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನ ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ. ಪಾಪ, ಅವನು ಕಣ್ಣಲ್ಲಿ ನೀರು ತುಂಬಿಕೊಂಡು "ಅಕ್ಕಾ, ಇನ್ನೊಂದ್ ಸಲ ಹೇಳ್ಕೊಡೇ" ಎನ್ನುವಾಗ ಹೇಳಿಕೊಡದಿರಲು ನಾನೇನು ಕಲ್ಲೇ? ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮ ಆ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕುಳಿತಿತ್ತು.

ಮೌಖಿಕ ಪರೀಕ್ಷೆಯ ದಿನ ಬಂತು. ತಾವೇ ನೇಮಿಸಿದ ಪರೀಕ್ಷಕಿ, ಜಪಾನಿನಲ್ಲೇ ಇರುವ ಒಬ್ಬ ಹಿರಿಯ ಹೆಂಗಸು, ಪರದೆಯ ಮೇಲೆ ಬಾಗಿಲು ತೆರೆದ ಮನೆಯೊಡತಿಯ ಪಾತ್ರ ವಹಿಸಿದರು. ಪುಟ್ಟ ಬಾಗಿಲು ಬಡಿದವನಂತೆ ಮೇಜು ಬಡಿದು, ಬಗ್ಗಿ ವಂದಿಸಿ, ಕ್ಷಮಿಸಿ ಎಂದು ಹೇಳಿದ. ಅಷ್ಟು ಸರಿಯಾಗಿಯೇ ಇತ್ತು. ಆಕೆ ತನ್ನ ಗಂಡ ತೀರಿಕೊಂಡು ನಾಲ್ಕು ತಿಂಗಳಾಯಿತೆಂದೂ, ಯಾರ ಮಾತನ್ನೂ ಕೇಳುವ ತ್ರಾಣ ತನಗಿಲ್ಲವೆಂದೂ ಹೇಳಿದರು. ಉತ್ತರ ತೋಚದಿದ್ದಾಗ ಮುಗುಳ್ನಕ್ಕು ನಾಲ್ಕನೆಯ ಪಾಠಕ್ಕೆ ಮರಳಬೇಕೆಂದು ತಮ್ಮ ಕೈಪಿಡಿ ಬೋಧಿಸುತ್ತದೆಯಷ್ಟೆ. ವಿಧೇಯ ಪುಟ್ಟ ಹಲ್ಲು ಕಾಣುವಂತೆ ನಕ್ಕು, ನಾಲ್ಕನೆಯ ಪಾಠದ ಮೊದಲ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ: ಬಹಳ ಸಂತೋಷ, ನಮ್ಮ ಬಳಿ ಒಂದು ಶುಭ ಸಮಾಚಾರವಿದೆ!

ಅಯ್ಯೋ ದೇವರೇ. ಆಕೆಯ ಮುಖ ನೋಡಲಾಗಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅಂಗೈಗೆ ಉಗಿದು, ಕುರ್ಚಿಯಿಂದ ಏಳದೆಯೇ ನಾನು ಆಕೆಯದೇ ಭಾಷೆಯಲ್ಲಿ, ಕೇಳಬೇಡಿ ಅಮ್ಮಾ, ಯಾರ ಮಾತೂ ಕೇಳಬೇಡಿ, ಕೂತುಕೊಳ್ಳಿ, ಅವರ ಬಟ್ಟೆಗಳನ್ನೆಲ್ಲ ಏನು ಮಾಡಿದಿರಿ ಎಂದು ಕೇಳಿಬಿಟ್ಟೆ. ದರ್ಜಿಗೆ ತೋಚುವ ಪ್ರಶ್ನೆಯೇ ಅದು. ಆಕೆ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಹೇಳಿದರು: ಒಂದು ಕೋಟು ಇನ್ನೂ ಬಾಗಿಲ ಹಿಂದೆ ತೂಗುತ್ತಿದೆಯಂತೆ, ತೆಗೆಯಲು ಕೈ ಬಾರದಂತೆ, ಚಳಿಗೆ ಹಾಕಿಕೊಳ್ಳೋಣವೆಂದರೆ ತೋಳು ಉದ್ದವಂತೆ. ಅದು ಪಾತ್ರವಾಗಿರಲಿಲ್ಲ, ಮಾನ್ಯರೇ. ಆಕೆ ಎದ್ದು ಹೋಗಿ ಕೋಟು ತಂದು ಕ್ಯಾಮೆರಾದ ಮುಂದೆ ಹಿಡಿದರು. ತೋಳನ್ನು ಮಣಿಕಟ್ಟಿನ ಕಡೆಯಿಂದ ಕತ್ತರಿಸಬೇಡಿ, ಗುಂಡಿಗಳ ಸಾಲು ಹಾಳಾಗುತ್ತದೆ, ಭುಜದ ಹೊಲಿಗೆ ಬಿಚ್ಚಿ ಮೇಲಿನಿಂದ ಮೋಟು ಮಾಡಿ ಎಂದು ನಾನು ಇಪ್ಪತ್ತು ನಿಮಿಷ ಹೇಳಿಕೊಟ್ಟೆ. ಕೊನೆಯಲ್ಲಿ ಆಕೆ ಪುಟ್ಟನ ತಲೆಯ ಮೇಲಿಂದ ನಾನಿದ್ದ ದಿಕ್ಕಿಗೆ ಕತ್ತು ಚಾಚಿ, ನೀವು ಯಾವಾಗ ಬರುತ್ತೀರಿ ಎಂದು ಕೇಳಿದರು.

ಮೂವತ್ತನಾಲ್ಕು ವರ್ಷಗಳಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ಸಮಯ ಮುಗಿದು ಪರದೆ ಆರಿಹೋಯಿತು.

ಮುಂದಿನದು ತಮ್ಮ ಕಡತದಲ್ಲೇ ಇದೆ. ಮಾತಾಡಿದ್ದು ತಾನಲ್ಲ, ಅಕ್ಕ ಎಂದು ಪುಟ್ಟ ಅವತ್ತೇ ತಮಗೆ ಬರೆದ. ತಾವು ಪರೀಕ್ಷೆಯನ್ನು ರದ್ದು ಮಾಡಿ, ಹನ್ನೊಂದನೆಯ ನಿಯಮಕ್ಕೆ "ಜೊತೆಗಾರರು ಬಾಯಿ ತೆರೆಯತಕ್ಕದ್ದಲ್ಲ" ಎಂಬ ಬಾಲ ಅಂಟಿಸಿದಿರಿ. ಶಾಸನದ ಇತಿಹಾಸದಲ್ಲಿ ನನ್ನ ಬಾಯಿಗೇ ಒಂದು ಉಪನಿಯಮ ದೊರಕಿದ್ದಕ್ಕೆ ಚಿರಋಣಿ. ಪುಟ್ಟ ಮಾತ್ರ ಊಟದ ತಟ್ಟೆಯ ಮುಂದೆ "ಅಕ್ಕಾ, ನೀನ್ಯಾಕೆ ಹೋಗ್ಬಾರ್ದು?" ಎಂದ. ಅಪ್ಪ ನಕ್ಕರು. ಅಮ್ಮ ನಗಲಿಲ್ಲ, ಪುಟ್ಟನ ತಟ್ಟೆಗೆ ಬಡಿಸಬೇಕಾದ್ದನ್ನು ನನ್ನ ತಟ್ಟೆಗೆ ಬಡಿಸಿದರು. ಮರುದಿನ ನಾನು ಅರ್ಜಿ ಹಾಕಿದೆ. ನಾನು ಹೋಗಬೇಕೆಂದೇ ಹಾಕಿದೆ, ತಮಾಷೆಗಲ್ಲ.

ತಮ್ಮ ಉತ್ತರ ನಿನ್ನೆ ಬಂತು. ಆಹಾ, ಎಂಥ ಮೃದುವಾದ ಕಾಗದ! ನನ್ನ ಉತ್ಸಾಹ ಶ್ಲಾಘನೀಯವಂತೆ, ಆದರೆ ವಯೋಮಿತಿ ಇಪ್ಪತ್ತಾರಂತೆ, ನಾನು ಮನೆಯಲ್ಲಿದ್ದುಕೊಂಡೇ ಪ್ರಾರ್ಥನೆಯಿಂದ ಬೆಂಬಲಿಸಬಹುದಂತೆ. ಬೈಬಲಿನಲ್ಲಿ ಎಪ್ಪತ್ತು ದಾಟಿದ ಮೇಲೆ ದೇವರ ಕರೆ ಕೇಳಿ ಮನೆ ಬಿಟ್ಟು ಹೊರಟವರ ಕಥೆಯನ್ನು ತಾವೇ ಒಂದು ಸೋಮವಾರ ಬೆಳಿಗ್ಗೆ ಹೇಳಿದ್ದಿರಿ. ಬಹುಶಃ ಅವರು ಅರ್ಜಿ ನಮೂನೆ ತುಂಬಿರಲಿಕ್ಕಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಸಭೆಯದಲ್ಲವಾದರೂ ಇವತ್ತೊಂದು ದಿನಕ್ಕೆ ಎರವಲು ತಂದಿದ್ದೇನೆ, ಕ್ಷಮೆಯಿರಲಿ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಅತ್ಯಲ್ಪ. ದೇವರ ಬಳಿ ತಮಗೆ ನನಗಿಂತ ಸಲಿಗೆ ಹೆಚ್ಚು, ನನ್ನನ್ನು ಎಂಟು ವರ್ಷ ತಡವಾಗಿ ಹುಟ್ಟಿಸುವಂತೆ ಒಂದು ಶಿಫಾರಸು ಪತ್ರ ಬರೆಯಬೇಕು. ಅದು ಆಗದಿದ್ದರೆ ನನ್ನ ಅನುಮತಿಯಿಲ್ಲದೆ ನನ್ನ ತಲೆಗೆ ತುಂಬಿದ ಜಪಾನಿ ಭಾಷೆಯನ್ನು, ಎಣಿಕೆ, ವಂದನೆ, ಕ್ರಿಯಾಪದ ಸಮೇತ ತಮ್ಮ ಸಿಬ್ಬಂದಿ ಬಂದು ಬಿಚ್ಚಿಕೊಂಡು ಹೋಗಬೇಕು. ದಾರ ಉಳಿಯದಂತೆ ಬಿಚ್ಚಬೇಕು, ಅರ್ಧಂಬರ್ಧ ಬಿಚ್ಚಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಒಂದು ದಿನವೂ ಗೈರುಹಾಜರಾಗದ ನನ್ನ ಹೊಲಿಗೆ ಯಂತ್ರಕ್ಕೂ ಒಂದು ಪ್ರಮಾಣಪತ್ರ ಕೊಟ್ಟರೆ ಸಂತೋಷ. ಅದಕ್ಕೆ ವಯಸ್ಸು ಹತ್ತೊಂಬತ್ತು, ಮಿತಿಯೊಳಗೇ ಇದೆ.

ಸೋಮವಾರ ಪುಟ್ಟನ ಮರುಪರೀಕ್ಷೆ. ಅವನು ಗೆಲ್ಲಲೆಂದು ಮನಸಾರೆ ಹಾರೈಸುತ್ತೇನೆ, ಅದರಲ್ಲಿ ವ್ಯಂಗ್ಯ ಹುಡುಕಬೇಡಿ. ನಾಲ್ಕನೆಯ ಪಾಠ ಮರೆತುಬಿಡು, ಮೊದಲು ಅವರ ಮುಖ ನೋಡು ಎಂದು ಹೇಳಿಕೊಟ್ಟಿದ್ದೇನೆ. ನಿಯಮದ ಪ್ರಕಾರ ನಾನೂ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಇರುತ್ತೇನೆ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು.

ತೆರೆದ ಬಾಯಿಗಾಗಿ ಕ್ಷಮೆ ಕೋರುವ
ತಮ್ಮ ವಿಶ್ವಾಸಿ,
ಪುಟ್ಟನ ಅಕ್ಕ

ತಾ.ಕ.: ಆ ಪರೀಕ್ಷಕಿಯಮ್ಮ ತೋಳು ಮೋಟು ಮಾಡಿದ ಕೋಟು ಹಾಕಿಕೊಂಡು ತೆಗೆಸಿದ ಫೋಟೋ ಕಳಿಸಿದ್ದಾರೆ, ಎಡತೋಳು ಚೂರು ಎಳೆದುಕೊಂಡಿದೆ. ಕೆಳಗೆ ಮತ್ತೆ ಅದೇ ಪ್ರಶ್ನೆ, ನೀವು ಯಾವಾಗ ಬರುತ್ತೀರಿ ಎಂದು. ಉತ್ತರ ತಮ್ಮ ಕೈಯಲ್ಲಿರುವುದರಿಂದ ತಾವೇ ಬರೆದುಬಿಡುವುದು ನ್ಯಾಯ. ಪರದೆಯ ಎಡಗಡೆ ಅಂಟಿಸಿಕೊಂಡ ಚೀಟಿ ನೋಡದೆ ತಮಗೆ ಜಪಾನಿಯಲ್ಲಿ ಶುಭೋದಯವನ್ನೂ ಹೇಳಲು ಬಾರದೆಂದು ನಾನು ಬಲ್ಲೆ. "ಅವಳಿಗೆ ವಯಸ್ಸಾಯಿತು" ಎನ್ನುವುದನ್ನು ಜಪಾನಿಯಲ್ಲಿ ಹೇಗೆ ಹೇಳಬೇಕೆಂದು ತಿಳಿಯದಿದ್ದರೆ ಸಂಕೋಚಪಡದೆ ನನ್ನನ್ನೇ ಕೇಳಿ, ಚೀಟಿಯಲ್ಲಿ ಬರೆದು ಕಳಿಸುತ್ತೇನೆ.